ಹಳೆ ಸೀರೆಯ ನಾಲ್ಕು ಮಡಿಕೆ: ಮತ್ಲಬ್ ಹಳ್ಳಿಗಳ ಕುಡಿಯುವ ನೀರಿನ ಒಂದು ಪ್ರಕರಣ ಅಧ್ಯಯನ

ಉಟ್ಟು, ಒಗೆದು ಮೆತ್ತಗಾದ ಹತ್ತಿ ಸೀರೆಯ ಒಂದು ತುಂಡು. ಅದನ್ನು ನಾಲ್ಕು ಮಡಿಕೆ ಮಾಡಿ ಕೊಡದ ಬಾಯಿಗೆ ಹೊದಿಸಬೇಕು. ಅಂಚನ್ನು ಕೊಡದ ಕತ್ತಿನ ಸುತ್ತ ಬಿಗಿಯಾಗಿ ಹಿಡಿದು ಹೊಂಡದ ನೀರಿಗೆ ಅದ್ದಬೇಕು. ನೀರು ಬಟ್ಟೆಯನ್ನು ಹಾದೇ ಒಳಗಿಳಿಯಬೇಕಾದ್ದರಿಂದ ಕೊಡ ತುಂಬಲು ತುಸು ಹೆಚ್ಚು ಹೊತ್ತು ಬೇಕು. ತುಂಬಿದ ಮೇಲೆ ಬಟ್ಟೆ ಬಿಡಿಸಿ ನೋಡಿದರೆ ಹೊರಮೈಗೆ ಹಸಿರು ಕಂದು ಲೋಳೆ, ಎಲೆಯ ಚೂರು, ಜೊತೆಗೆ ಕಣ್ಣಿಟ್ಟು ನೋಡಿದರೆ ಮಾತ್ರ ಕಾಣುವ ಸಣ್ಣ ಸಣ್ಣ ಚುಕ್ಕೆಗಳು. ಕೆಲವು ಚುಕ್ಕೆಗಳು ಮಿಸುಕುತ್ತಿರುತ್ತವೆ. ಈ ಪ್ರಕರಣದ ಮೂಲವೆಲ್ಲ ಆ ಮಿಸುಕುವ ಚುಕ್ಕೆಗಳಲ್ಲಿದೆ.

ಬಾಂಗ್ಲಾದೇಶದ ಮತ್ಲಬ್ ಪ್ರದೇಶದ 65 ಹಳ್ಳಿಗಳಲ್ಲಿ, ಸುಮಾರು 1,33,000 ಜನರ ನಡುವೆ, 1999ರ ಸೆಪ್ಟೆಂಬರಿನಿಂದ 2002ರ ಜುಲೈವರೆಗೆ ನಡೆದ ಪ್ರಯೋಗದ ಮುಖ್ಯ ಉಪಕರಣ ಇಷ್ಟೇ. ಸೀರೆಯಲ್ಲಿ ನೀರು ಸೋಸಿದ ಹಳ್ಳಿಗಳಲ್ಲಿ ಕಾಲರಾ 48% ಇಳಿಯಿತು. ಕಡಿಮೆ ಖರ್ಚಿನ ನೀರಿನ ಶೋಧನೆಯ ಮಾತು ಬಂದಾಗೆಲ್ಲ ಈ ಅಂಕಿಯನ್ನು ಮುಂದಿಡುತ್ತಾರೆ. ಐದು ವರ್ಷ ಕಳೆದು ಅದೇ ಹಳ್ಳಿಗಳಿಗೆ ಮರಳಿ ಹೋಗಿ ತೆಗೆದ ಲೆಕ್ಕದ ಬಗ್ಗೆ ಮಾತು ಕಡಿಮೆ. ನನಗೆ ಮುಖ್ಯವೆನಿಸುವುದು ಆ ಎರಡನೆಯ ಲೆಕ್ಕ. ಅದಕ್ಕೆ ಬರುವ ಮೊದಲು ಊರನ್ನೂ ನೀರನ್ನೂ ನೋಡಬೇಕು.

ಸುತ್ತ ನೀರು, ಕುಡಿಯಲು ಯಾವುದು?

ಮತ್ಲಬ್ ಇರುವುದು ಢಾಕಾದ ಆಗ್ನೇಯಕ್ಕೆ, ಮೇಘನಾ ನದಿಯ ಬಯಲಿನಲ್ಲಿ. ತಗ್ಗು ನೆಲ. ನೆರೆಗೆ ಸಿಗದಂತೆ ಮನೆ ಕಟ್ಟಲು ಮಣ್ಣು ಅಗೆದು ಏರಿಸಬೇಕು. ಹಾಗೆ ಅಗೆದ ಗುಂಡಿಯೇ ಮನೆ ಪಕ್ಕದ ಹೊಂಡವಾಗುತ್ತದೆ. ಸ್ನಾನ, ಬಟ್ಟೆ ಒಗೆತ, ಪಾತ್ರೆ ತೊಳೆಯುವುದು ಅಲ್ಲೇ. ಬಹಳ ಮನೆಗಳಿಗೆ ಕುಡಿಯುವ ನೀರೂ ಅಲ್ಲಿಂದಲೋ ಹತ್ತಿರದ ಹೊಳೆಯಿಂದಲೋ ಬರುತ್ತಿತ್ತು. ಮಳೆಗಾಲದಲ್ಲಿ ಹೊಳೆ, ಕಾಲುವೆ, ಹೊಂಡ, ಕಕ್ಕಸು ಗುಂಡಿ ಎಲ್ಲವೂ ಒಂದೇ ನೀರಾಗಿಬಿಡುತ್ತವೆ. ಇಲ್ಲಿ ಕಾಲರಾ ವರ್ಷಕ್ಕೆ ಎರಡು ಸಲ ತಲೆ ಎತ್ತುತ್ತದೆ: ಮಳೆಗೆ ಮುಂಚಿನ ವಸಂತದಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ.

ಪ್ರಯೋಗಕ್ಕೆ ಮತ್ಲಬ್ ಆಯ್ಕೆಯಾದದ್ದಕ್ಕೆ ಕಾಯಿಲೆಯಷ್ಟೇ ಕಾರಣವಲ್ಲ. ಢಾಕಾದಲ್ಲಿ 1960ರಲ್ಲಿ ಆರಂಭವಾದ ಕಾಲರಾ ಸಂಶೋಧನಾ ಪ್ರಯೋಗಾಲಯ 1963ರಿಂದಲೇ ಇಲ್ಲಿ ಕ್ಷೇತ್ರ ಕೇಂದ್ರ ನಡೆಸುತ್ತಿತ್ತು. ಯಾವ ಮನೆಯಲ್ಲಿ ಯಾರು ಹುಟ್ಟಿದರು, ಯಾರು ಸತ್ತರು, ಯಾರು ವಲಸೆ ಹೋದರು ಎಂಬುದು 1966ರಿಂದ ದಾಖಲಾಗುತ್ತಾ ಬಂದಿದೆ. ಅದೇ ಪ್ರಯೋಗಾಲಯ 1978ರಲ್ಲಿ ಅಂತಾರಾಷ್ಟ್ರೀಯ ಅತಿಸಾರ ಸಂಶೋಧನಾ ಕೇಂದ್ರವಾಯಿತು. ಐಸಿಡಿಡಿಆರ್,ಬಿ ಎಂಬ ಹೆಸರಿನಿಂದ ಎಲ್ಲರಿಗೂ ಪರಿಚಿತ. ಇಂದು ನಮ್ಮ ಮನೆಗಳಲ್ಲೆಲ್ಲ ಇರುವ ಓಆರ್‌ಎಸ್ ದ್ರಾವಣದ ಆರಂಭದ ಪ್ರಯೋಗಗಳು ನಡೆದದ್ದೂ ಇದೇ ಸಂಸ್ಥೆಯ ನೆರಳಿನಲ್ಲಿ, 1960ರ ದಶಕದ ಕೊನೆಗೆ. ಇಂಥ ದಾಖಲೆ ಇರುವ ಊರಿನಲ್ಲಿ ಮಾತ್ರ ‘ಕಾಯಿಲೆ ಕಡಿಮೆಯಾಯಿತು’ ಎಂಬುದನ್ನು ಬಾಯಿಮಾತಾಗಿಸದೆ ಎಣಿಸಿ ಹೇಳಬಹುದು.

ಕೈಪಂಪಿನ ಕೊಳವೆಬಾವಿ ಇತ್ತಲ್ಲ ಎಂದು ಕೇಳಬಹುದು. ಇತ್ತು. 1970ರ ದಶಕದಿಂದ ಬಾಂಗ್ಲಾದೇಶದ ತುಂಬ ಲಕ್ಷಾಂತರ ಕೊಳವೆಬಾವಿ ಕೊರೆಸಿದ್ದೇ ಹೊಂಡದ ನೀರಿನ ರೋಗಗಳಿಂದ ಜನರನ್ನು ಪಾರು ಮಾಡಲು. ಆದರೆ 1993ರಲ್ಲಿ ಆ ನೀರಿನಲ್ಲಿ ಆರ್ಸೆನಿಕ್ ಇರುವುದು ಗೊತ್ತಾಯಿತು. ಮತ್ಲಬ್ ಅದರಿಂದ ತೀವ್ರವಾಗಿ ಬಾಧಿತವಾದ ಪ್ರದೇಶಗಳಲ್ಲಿ ಒಂದು; ಅಲ್ಲಿನ ಅರ್ಧಕ್ಕೂ ಹೆಚ್ಚು ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಆ ದೇಶದ ಮಿತಿಯಾದ ಲೀಟರಿಗೆ 50 ಮೈಕ್ರೊಗ್ರಾಂ ಮೀರಿತ್ತು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಇನ್ನೂ ಬಿಗಿ, 10 ಮೈಕ್ರೊಗ್ರಾಂ. ಮೇಲಿನ ನೀರಿನಲ್ಲಿ ಕಾಲರಾ, ಕೆಳಗಿನ ನೀರಿನಲ್ಲಿ ವಿಷ. ಕುದಿಸಿ ಕುಡಿಯಿರಿ ಎನ್ನುವುದು ಸುಲಭ. ಸೌದೆ ಸಿಕ್ಕುವುದೇ ಕಷ್ಟವಾದ, ನೆರೆಯಲ್ಲಿ ಒಲೆಯೇ ಮುಳುಗುವ ಊರಿನ ಬಡಮನೆಯಲ್ಲಿ ದಿನವೂ ಕುಡಿಯುವಷ್ಟು ನೀರು ಕುದಿಸುವುದು ಆಗದ ಮಾತು.

ಮಿಸುಕುವ ಚುಕ್ಕೆ

ಕಾಲರಾ ತರುವ ವಿಬ್ರಿಯೊ ಬ್ಯಾಕ್ಟೀರಿಯಾದ ಉದ್ದ ಎರಡು ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಮೈಕ್ರಾನ್) ಆಸುಪಾಸು, ದಪ್ಪ ಅದಕ್ಕಿಂತ ಎಷ್ಟೋ ಕಡಿಮೆ. ಅದನ್ನು ಸೀರೆಯಲ್ಲಿ ಸೋಸುತ್ತೇವೆ ಎನ್ನುವುದು ಮೀನಿನ ಬಲೆಯಲ್ಲಿ ಸಾಸಿವೆ ಹಿಡಿಯಹೊರಟಂತೆ. ಬಿಡಿಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾ ಎಷ್ಟು ಮಡಿಕೆಯ ಬಟ್ಟೆಯಿಂದಲೂ ದಾಟಿಕೊಂಡೇ ಹೋಗುತ್ತದೆ. ಹಾಗಿದ್ದೂ ಸೀರೆ ಕೆಲಸ ಮಾಡಿದ್ದೇಕೆ?

ಕಾಲರಾ ರೋಗಾಣು ಮನುಷ್ಯನ ಕರುಳಿನಲ್ಲಿ ಬದುಕುತ್ತದೆ, ಮಲದ ಜೊತೆ ನೀರಿಗೆ ಸೇರುತ್ತದೆ, ಅಲ್ಲಿ ಹೆಚ್ಚು ಕಾಲ ಉಳಿಯುವುದಿಲ್ಲ ಎಂದೇ ಬಹುಕಾಲ ನಂಬಲಾಗಿತ್ತು. ಅಮೆರಿಕದ ಸೂಕ್ಷ್ಮಜೀವಿ ವಿಜ್ಞಾನಿ ರೀಟಾ ಕೋಲ್ವೆಲ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಕಾಲರಾ ಹಾವಳಿಯೇ ಇಲ್ಲದ ಚೆಸಪೀಕ್ ಕೊಲ್ಲಿಯ ನೀರಿನಲ್ಲೂ ಈ ಬ್ಯಾಕ್ಟೀರಿಯಾವನ್ನು ಕಂಡರು. ಅನ್ವರ್ ಹಕ್ ಮತ್ತು ಕೋಲ್ವೆಲ್ ಮೊದಲಾದವರು 1983ರಲ್ಲಿ ಪ್ರಕಟಿಸಿದ ಕೆಲಸ ಅದರ ಮನೆ ಯಾವುದೆಂದು ತೋರಿಸಿತು: ಕೋಪೆಪಾಡ್. ಹೊಂಡ, ಹೊಳೆ, ಅಳಿವೆಗಳಲ್ಲಿ ತೇಲುವ, ಬಹುಪಾಲು ಒಂದು ಮಿಲಿಮೀಟರಿನ ಆಸುಪಾಸಿನ ಸಿಗಡಿ ಬಳಗದ ಜೀವಿ. ಬ್ಯಾಕ್ಟೀರಿಯಾ ಇದರ ಮೈಗೆ, ಅದರಲ್ಲೂ ಬಾಯಿಯ ಸುತ್ತ ಮತ್ತು ಮೊಟ್ಟೆಯ ಚೀಲದ ಮೇಲೆ, ದಟ್ಟವಾಗಿ ಅಂಟಿಕೊಂಡಿರುತ್ತದೆ. ಕೊಡದ ಬಟ್ಟೆಯ ಮೇಲೆ ಮಿಸುಕುತ್ತಿದ್ದ ಚುಕ್ಕೆಗಳಲ್ಲಿ ಇವೂ ಇರುತ್ತವೆ.

ಒಂದೇ ಕೋಪೆಪಾಡ್ ಮೇಲೆ ಹತ್ತು ಸಾವಿರದಷ್ಟು ಬ್ಯಾಕ್ಟೀರಿಯಾ ಇರಬಲ್ಲವು. ಮನುಷ್ಯನಿಗೆ ಕಾಲರಾ ಹಿಡಿಯಲು ಅಷ್ಟು ಸಂಖ್ಯೆಯೇ ಸಾಕಾಗಬಹುದು, ಇಲ್ಲವೇ ಅದರ ಹತ್ತರಿಂದ ನೂರು ಪಟ್ಟು ಬೇಕಾಗಬಹುದು. ಹೊಟ್ಟೆಯ ಆಮ್ಲ, ದೇಹಸ್ಥಿತಿಯ ಮೇಲೆ ಅದು ನಿಂತಿದೆ. ಪಾಚಿ ಹೆಚ್ಚಿ ಕೋಪೆಪಾಡ್‌ಗಳು ಮುತ್ತಿಕೊಳ್ಳುವ ದಿನಗಳಲ್ಲಿ ಒಂದು ಲೋಟ ನೀರಿನಲ್ಲಿ ಇವು ನಾಲ್ಕಾರು ಬಂದರೂ ಕುಡಿದವರು ಅಪಾಯಕ್ಕೆ ಸಿಕ್ಕಿದಂತೆ. ಕಾಲರಾದ ಎರಡು ಕಾಲಗಳು ನೀರಿನಲ್ಲಿ ಈ ಜೀವಿಗಳು ಹೆಚ್ಚುವ ಕಾಲಗಳೊಂದಿಗೆ ಹೊಂದಿಕೊಳ್ಳುವುದು ಇದಕ್ಕೇ.

ಅಂದಮೇಲೆ ಬ್ಯಾಕ್ಟೀರಿಯಾವನ್ನು ಹಿಡಿಯುವ ಗೋಜೇ ಬೇಡ, ಅದು ಸವಾರಿ ಮಾಡುವ ಪ್ರಾಣಿಯನ್ನು ಹಿಡಿದರಾಯಿತು. ಈ ದಾರಿ ನಮ್ಮವರಿಗೂ ಹೊಸದಲ್ಲ. ಹಿಂದೆ ಕರ್ನಾಟಕದ ಹಳ್ಳಿಗಳನ್ನೂ ಕಾಡಿದ್ದ ನಾರುಹುಣ್ಣಿನ ಹುಳು ಸೇರಿಕೊಂಡಿರುವುದು ಸೈಕ್ಲೋಪ್ಸ್ ಎಂಬ ಕೋಪೆಪಾಡ್‌ನ ಒಳಗೇ. ನೀರನ್ನು ಬಟ್ಟೆಯಲ್ಲಿ ಗಾಳಿಸಿ ಕುಡಿಸುವುದು ಆ ರೋಗದ ನಿರ್ಮೂಲನೆಯ ಮುಖ್ಯ ಉಪಾಯಗಳಲ್ಲಿ ಒಂದಾಗಿತ್ತು. ಭಾರತದಲ್ಲಿ ಅದರ ಕೊನೆಯ ಪ್ರಕರಣ 1996ರಲ್ಲಿ ವರದಿಯಾಯಿತು, 2000ದಲ್ಲಿ ದೇಶ ಆ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು.

ಹೊಸ ಸೀರೆ ಬೇಡ, ಹಳೆಯದೇ ಬೇಕು

ಹಳ್ಳಿಗೆ ಹೋಗುವ ಮುಂಚೆ ಕೆಲಸ ನಡೆದದ್ದು ಪ್ರಯೋಗಾಲಯದಲ್ಲಿ. ಅದರ ಫಲಿತಾಂಶ 1996ರಲ್ಲಿ ಪ್ರಕಟವಾಯಿತು. ಬೇರೆ ಬೇರೆ ಬಟ್ಟೆಗಳನ್ನು ತಂದು ಪರೀಕ್ಷಿಸಿದಾಗ ಗೆದ್ದದ್ದು ಬಳಸಿ ಹಳತಾದ ಹತ್ತಿ ಸೀರೆ. ಒಗೆದು ಒಗೆದು ನೂಲಿನ ಎಳೆ ಬಿಚ್ಚಿಕೊಂಡು ಜುಂಗು ಜುಂಗಾಗುತ್ತದೆ. ಆ ಜುಂಗು ನೂಲುಗಳ ನಡುವಿನ ಕಂಡಿಯನ್ನು ತುಂಬುತ್ತದೆ. ಹೊಸ ಸೀರೆಯಲ್ಲಿ ನೂಲು ಬಿಗಿ, ಕಂಡಿ ಸ್ಪಷ್ಟ, ಸೋಸುವ ಗುಣ ಕಡಿಮೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದಾಗ ನಾಲ್ಕರಿಂದ ಎಂಟು ಮಡಿಕೆ ಮಾಡಿದ ಸೀರೆ ಸುಮಾರು 20 ಮೈಕ್ರಾನ್ ಕಂಡಿಯ ಜರಡಿಗೆ ಸಮವಾಗಿತ್ತು. ಕೋಪೆಪಾಡ್‌ಗಳು ಮರಿಗಳ ಸಮೇತ ಅದರಲ್ಲಿ ಸಿಕ್ಕಿಬೀಳುತ್ತವೆ, ಪಾಚಿಯ ಬಹುಪಾಲೂ ಸಿಗುತ್ತದೆ. ಅವುಗಳಿಗೆ ಅಂಟಿದ ಕಾಲರಾ ಬ್ಯಾಕ್ಟೀರಿಯಾದ ಸುಮಾರು 99% ಹೀಗೆ ಬಟ್ಟೆಯಲ್ಲೇ ಉಳಿಯಿತು. ಮಡಿಕೆ ಹೆಚ್ಚಿಸುತ್ತಾ ಹೋದರೆ ನೀರು ಇಳಿಯುವುದೇ ನಿಧಾನವಾಗುತ್ತದೆ. ನೀರು ಹೊರುವವರು ಅಷ್ಟು ಹೊತ್ತು ಕಾಯುವುದಿಲ್ಲ.

ಕಡಿಮೆ ಖರ್ಚು ಅಂದರೆ ಬೆಲೆ ಕಡಿಮೆ ಎಂದಷ್ಟೇ ತಿಳಿಯುತ್ತೇವೆ. ಇಲ್ಲಿ ಬೆಲೆಗಿಂತ ದೊಡ್ಡದೊಂದು ಸಂಗತಿ ಇದೆ. ಹಳತಾದಷ್ಟೂ ಉತ್ತಮವಾಗುವ, ಯಾವ ಬಡಮನೆಯಲ್ಲೂ ಇದ್ದೇ ಇರುವ, ಯಾರೂ ಹಂಚಬೇಕಿಲ್ಲದ ವಸ್ತು ಅದು. ಮನೆಯಲ್ಲಿ ಮಾಡಿದ ಪಾನಕದಂಥವನ್ನು ಸೀರೆಯ ಒಂದು ಪದರದಲ್ಲಿ ಸೋಸುವುದು ಅಲ್ಲಿನ ಹೆಂಗಸರಿಗೆ ಮೊದಲೇ ರೂಢಿ. ಹೊಸದಾಗಿ ಕಲಿಯಬೇಕಾದದ್ದು ಒಂದರ ಬದಲು ನಾಲ್ಕು ಮಡಿಕೆ, ಮತ್ತು ಅದನ್ನು ದಿನದಿನವೂ ಕುಡಿಯುವ ನೀರಿಗೆ ಹಾಕುವುದು.

ಮೂರು ವರ್ಷದ ಲೆಕ್ಕ

ಹಳ್ಳಿಗಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಸೀರೆ, ಇನ್ನೊಂದಕ್ಕೆ ನಾರುಹುಣ್ಣಿನ ಕಾರ್ಯಕ್ರಮದಲ್ಲಿ ಬಳಕೆಯಾಗಿದ್ದ ಬಗೆಯ ನೈಲಾನ್ ಜಾಲರಿ, ಮೂರನೆಯವರು ಎಂದಿನಂತೆ. ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತೋರಿಸಿಕೊಟ್ಟರು, ಮತ್ತೆ ಮತ್ತೆ ಹೋಗಿ ನೆನಪಿಸಿದರು.

ತೋರಿಸಿಕೊಟ್ಟ ಕೆಲಸದಲ್ಲಿ ಸೋಸುವುದು ಅರ್ಧ ಮಾತ್ರ, ಉಳಿದರ್ಧ ಸೋಸಿದ ಮೇಲಿನದು. ಬಟ್ಟೆಯಲ್ಲಿ ಈಗ ರೋಗಾಣುಗಳ ರಾಶಿಯೇ ಇದೆ. ಅದನ್ನು ಮೊದಲು ಹೊಳೆಯ ನೀರಿನಲ್ಲೇ ಜಾಲಾಡಿ ಲೋಳೆ ಬಿಡಿಸಬೇಕು. ಕೊನೆಯ ಜಾಲಾಟ ಮಾತ್ರ ಸೋಸಿದ ನೀರಿನಲ್ಲಿ. ಆಮೇಲೆ ಬಿಸಿಲಿಗೆ ಹರವಿ ಗರಿಗರಿಯಾಗಿ ಒಣಗಿಸಬೇಕು, ಏಕೆಂದರೆ ಕಾಲರಾ ಬ್ಯಾಕ್ಟೀರಿಯಾ ಒಣಗಿದರೆ ಉಳಿಯುವುದಿಲ್ಲ. ಒದ್ದೆ ಬಟ್ಟೆಯನ್ನು ಮೂಲೆಯಲ್ಲಿ ಮುದ್ದೆ ಮಾಡಿಟ್ಟು ನಾಳೆ ಅದನ್ನೇ, ಅದೂ ಒಳಮಗ್ಗುಲು ಹೊರಗಾಗಿ, ಕೊಡಕ್ಕೆ ಹೊದಿಸಿದರೆ ನಿನ್ನೆ ಹಿಡಿದದ್ದೆಲ್ಲ ಇಂದು ಕೊಡಕ್ಕೆ ಇಳಿಯುತ್ತದೆ. ಎರಡು ಬಟ್ಟೆ ಇಟ್ಟುಕೊಂಡು ಸರದಿಯಲ್ಲಿ ಬಳಸಿದರೆ ಈ ತೊಂದರೆ ಇಲ್ಲ. ಬಟ್ಟೆಯಲ್ಲಿ ಸೋಸುವ ಬಗ್ಗೆ ಯಾರು ಎಲ್ಲಿ ಹೇಳಿಕೊಟ್ಟರೂ ಒಣಗಿಸುವ ಪಾಠವನ್ನು ಸೋಸುವ ಪಾಠದಷ್ಟೇ ಹೊತ್ತು ಹೇಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಫಲಿತಾಂಶ 2003ರ ಜನವರಿಯಲ್ಲಿ ಪ್ರಕಟವಾಯಿತು. ಸೀರೆಯ ಗುಂಪಿನಲ್ಲಿ 48% ಇಳಿಕೆ. ನೈಲಾನ್ ಗುಂಪಿನಲ್ಲೂ ಇಳಿಕೆ ಇತ್ತು, ತುಸು ಕಡಿಮೆ. ಹೇಳಿದಂತೆ ನಡೆದುಕೊಂಡವರ ಪ್ರಮಾಣ ತೊಂಬತ್ತು ಶೇಕಡಾದ ಆಸುಪಾಸು. ಎಣಿಸಿದ್ದು ಆಸ್ಪತ್ರೆಗೆ ಬಂದ ಕಾಲರಾ ರೋಗಿಗಳನ್ನು. ಮನೆಯಲ್ಲೇ ಗುಣವಾದ ಸಣ್ಣಪುಟ್ಟ ಭೇದಿ ಈ ಲೆಕ್ಕದಲ್ಲಿಲ್ಲ. ಇನ್ನೊಂದನ್ನೂ ನೆನಪಿಡಬೇಕು. ಬಟ್ಟೆ ಹಿಡಿದವರಿಗೆ ತಾವು ಸೋಸುತ್ತಿದ್ದೇವೆಂದು ಗೊತ್ತೇ ಇರುತ್ತದೆ, ಅದನ್ನು ಮುಚ್ಚಿಡಲಾಗದು. ಮನೆಗೆ ಬಂದು ಆರೋಗ್ಯದ ಮಾತಾಡಿದವರ ಪ್ರಭಾವ ಕೈತೊಳೆಯುವುದರ ಮೇಲೂ ಬಿದ್ದಿರಬಹುದು. ಆದರೂ ಆಸ್ಪತ್ರೆಯ ಹಾಸಿಗೆಗೆ ಬಂದು ಬೀಳುವ ಕಾಲರಾ ಅರ್ಧಕ್ಕೆ ಇಳಿದದ್ದನ್ನು ಬರೀ ಅದರಿಂದ ವಿವರಿಸುವುದು ಕಷ್ಟ.

ಸೀರೆಯಿಂದ ಆಗದ್ದು

ರೋಟಾವೈರಸ್, ಹೆಪಟೈಟಿಸ್ ವೈರಸ್‌ಗಳನ್ನು ಬಟ್ಟೆ ತಡೆಯುವುದಿಲ್ಲ. ರಕ್ತಭೇದಿ ತರುವ ಶಿಗೆಲ್ಲಾ ಮತ್ತು ಟೈಫಾಯ್ಡ್ ತರುವ ಬ್ಯಾಕ್ಟೀರಿಯಾ ಬಿಡಿಯಾಗಿ ತೇಲುತ್ತಿದ್ದರೆ ಅವೂ ದಾಟಿಹೋಗುತ್ತವೆ. ಸೋಸಿದ ಮೇಲೆ ಕ್ಲೋರಿನ್ ಹಾಕಿದರೆ ರಕ್ಷಣೆ ಹೆಚ್ಚು. ಲೋಳೆ, ಕೆಸರು ಮೊದಲೇ ಹೋಗಿರುವುದರಿಂದ ಕ್ಲೋರಿನ್ ಕಡಿಮೆ ಸಾಕಾಗುತ್ತದೆ, ಪರಿಣಾಮವೂ ಚೆನ್ನಾಗಿರುತ್ತದೆ. ಮರಳಿನ ಶೋಧಕ, ಬೆಳ್ಳಿ ಲೇಪಿಸಿದ ಸುಟ್ಟ ಮಣ್ಣಿನ ಶೋಧಕ ಬಿಡಿ ಬ್ಯಾಕ್ಟೀರಿಯಾವನ್ನೂ ಬಹುಮಟ್ಟಿಗೆ ಹಿಡಿಯುತ್ತವೆ. ಆ ಮಟ್ಟಿಗೆ ಅವು ಸೀರೆಗಿಂತ ಮೇಲು.

ನೀರಿನಲ್ಲಿ ಕರಗಿದ್ದನ್ನು ಇವು ಯಾವುದೂ ತೆಗೆಯುವುದಿಲ್ಲ. ಆರ್ಸೆನಿಕ್ ನೀರಿನಲ್ಲಿ ಸಕ್ಕರೆಯಂತೆ ಕರಗಿ ಕೂತಿದೆ, ಜರಡಿಗೆ ಸಿಗುವ ಕಣವಲ್ಲ. ಅದಕ್ಕೆ ಬೇರೆ ಉಪಾಯವನ್ನೇ ಹುಡುಕಬೇಕಾಯಿತು. ಬಾಂಗ್ಲಾದೇಶ ಮೂಲದ ರಸಾಯನ ವಿಜ್ಞಾನಿ ಅಬುಲ್ ಹುಸ್ಸಾಮ್ ರೂಪಿಸಿದ ಸೊನೊ ಶೋಧಕದಲ್ಲಿ ಮೇಲೊಂದು ಕೆಳಗೊಂದು ಬಕೆಟ್. ಒಳಗೆ ಮರಳು, ಇದ್ದಿಲು, ಇಟ್ಟಿಗೆ ಚೂರು, ನಡುವೆ ಕಬ್ಬಿಣದ ಚೂರುಗಳ ಪದರ. ತುಕ್ಕು ಹಿಡಿದ ಕಬ್ಬಿಣದ ಮೈಗೆ ಆರ್ಸೆನಿಕ್ ಕಚ್ಚಿಕೊಳ್ಳುತ್ತದೆ. ಇದಕ್ಕೆ 2007ರಲ್ಲಿ ಹತ್ತು ಲಕ್ಷ ಡಾಲರಿನ ಗ್ರೇಂಜರ್ ಪ್ರಶಸ್ತಿ ಬಂತು. ಒಂದೇ ಊರಿನ ಹೊಂಡದ ನೀರಿಗೆ ಒಂದು ಶೋಧಕ, ಕೈಪಂಪಿನ ನೀರಿಗೆ ಇನ್ನೊಂದು. ‘ಯಾವ ಫಿಲ್ಟರ್ ಒಳ್ಳೆಯದು’ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟೇ: ನೀರಿನಲ್ಲಿ ಏನಿದೆಯೆಂದು ಮೊದಲು ಪರೀಕ್ಷೆ ಮಾಡಿಸಿ, ಫಿಲ್ಟರಿನ ಮಾತು ಆಮೇಲೆ.

ಐದು ವರ್ಷ ಕಳೆದ ಮೇಲೆ

ಪ್ರಯೋಗ ಮುಗಿಯಿತು. ಮನೆಮನೆಗೆ ಬರುತ್ತಿದ್ದ ಕಾರ್ಯಕರ್ತೆಯರು ಬರುವುದು ನಿಂತಿತು. ಐದು ವರ್ಷ ಕಳೆದು ತಂಡ ಮತ್ತೆ ಅದೇ ಹಳ್ಳಿಗಳಿಗೆ ಹೋಗಿ, ಮನೆಗೆ ನೀರು ತರುವ 7,233 ಹೆಂಗಸರನ್ನು ಮಾತಾಡಿಸಿತು. ಆ ವರದಿ ಪ್ರಕಟವಾದದ್ದು 2010ರಲ್ಲಿ.

31% ಹೆಂಗಸರು ಈಗಲೂ ನೀರು ಸೋಸುತ್ತಿದ್ದರು. ಅವರಲ್ಲಿ 60% ಬಳಸುತ್ತಿದ್ದದ್ದು ಸೀರೆ. ಅಂದರೆ ಒಟ್ಟು ನೂರರಲ್ಲಿ ಸುಮಾರು ಹತ್ತೊಂಬತ್ತು ಮನೆಗಳಲ್ಲಿ ಸೀರೆ ಉಳಿದಿತ್ತು. ತೊಂಬತ್ತರ ಆಸುಪಾಸಿನಿಂದ ಮೂವತ್ತೊಂದಕ್ಕೆ ಇಳಿದದ್ದನ್ನು ಕಂಡು ‘ಬಿಟ್ಟುಬಿಟ್ಟರಲ್ಲ’ ಎನಿಸುವುದು ಸಹಜ. ನಾನು ಹಾಗೆ ಓದುವುದಿಲ್ಲ. ಐದು ವರ್ಷ ಯಾರೂ ಬಂದು ಕೇಳದೆ, ಯಾರೂ ಏನೂ ಕೊಡದೆ, ದಿನವೂ ಕೊಡ ತುಂಬುವ ಕೆಲಸಕ್ಕೆ ಒಂದಿಷ್ಟು ಹೊತ್ತನ್ನೂ ಒಣಗಿಸುವ ರಗಳೆಯನ್ನೂ ತಾವಾಗಿ ಸೇರಿಸಿಕೊಂಡು ಮೂವರಲ್ಲಿ ಸುಮಾರು ಒಬ್ಬಾಕೆ ಮುಂದುವರಿಸಿದ್ದಾಳೆ. ಕಾಂಬೋಡಿಯಾದಲ್ಲಿ ಮಣ್ಣಿನ ಶೋಧಕಗಳನ್ನು ಹಂಚಿದ ಮನೆಗಳಲ್ಲಿ ಬಳಕೆ ತಿಂಗಳಿಗೆ ಸುಮಾರು 2%ರಂತೆ ಇಳಿದದ್ದು ಕಂಡುಬಂದಿತ್ತು. ಮುಖ್ಯ ಕಾರಣ ಒಡೆಯುವುದು. ಆ ಶೋಧಕ ಬಳಸಿದವರಿಗೆ ಭೇದಿ ಚೆನ್ನಾಗಿಯೇ ತಗ್ಗಿತ್ತು. ಆದರೆ ಒಡೆದದ್ದಕ್ಕೆ ಬದಲಿ ಎಲ್ಲಿಂದ ತರುವುದು? ಸೀರೆ ಒಡೆಯುವುದಿಲ್ಲ, ಹರಿದರೆ ಇನ್ನೊಂದು ಹಳೆಯದಿದೆ. ಹಾಗಾಗಿ ಮತ್ಲಬ್‌ನಲ್ಲಿ ಕೈಬಿಟ್ಟವರು ವಸ್ತು ಸಿಗದೆ ಕೈಬಿಟ್ಟವರಲ್ಲ. ನೆನಪಿಸುವವರು ಇಲ್ಲದೆ ರೂಢಿ ಸಡಿಲವಾಯಿತು.

ಇದೇ ವರದಿಯ ಇನ್ನೊಂದು ಅಂಕಿ ನನ್ನನ್ನು ಹಿಡಿದು ನಿಲ್ಲಿಸಿತು. ಯಾವ ತರಬೇತಿಯನ್ನೂ ಪಡೆಯದ, ಹೋಲಿಕೆಗೆಂದು ಎಂದಿನಂತೆ ಬಿಟ್ಟಿದ್ದ ಮೂರನೆಯ ಗುಂಪಿನಲ್ಲೂ 26% ಹೆಂಗಸರು ಈಗ ನೀರು ಸೋಸುತ್ತಿದ್ದರು. ಪಕ್ಕದ ಹಳ್ಳಿಯ ಹೊಂಡದ ದಂಡೆಯಲ್ಲಿ ನೋಡಿ ಕಲಿತರೋ, ತವರಿಗೆ ಹೋದಾಗ ಅಕ್ಕ ತೋರಿಸಿದಳೋ, ಅಂತೂ ಯೋಜನೆಯಲ್ಲಿಲ್ಲದ ದಾರಿಯಲ್ಲಿ ಅದು ಹರಡಿತ್ತು. ಬೆಲೆ ತೆತ್ತು ಕೊಳ್ಳಬೇಕಾದ ಯಂತ್ರ ಹೀಗೆ ಹರಡುವುದಿಲ್ಲ.

ಆ ಐದು ವರ್ಷಗಳಲ್ಲಿ ಸೋಸುವ ಮನೆಗಳಿಂದ ಕಾಲರಾಕ್ಕೆಂದು ಆಸ್ಪತ್ರೆ ಸೇರಿದವರು 25% ಕಡಿಮೆ. ಸಂಖ್ಯಾಶಾಸ್ತ್ರದ ಗಟ್ಟಿ ಅಳತೆಗೆ ಈ ಇಳಿಕೆ ನಿಲ್ಲಲಿಲ್ಲ, ಹಾಗಾಗಿ ಅದನ್ನು ಎತ್ತಿ ಹಿಡಿಯುವುದು ಬೇಡ. ಸೋಸುವವರು ಮೂರರಲ್ಲೊಬ್ಬರಾದಾಗ 48%ರಷ್ಟು ಇಳಿಕೆ ನಿರೀಕ್ಷಿಸುವುದೂ ಸರಿಯಲ್ಲ. ಆದರೆ ವರದಿ ಇನ್ನೊಂದನ್ನು ಗುರುತಿಸಿತು: ಸೋಸುವವರ ನಡುವೆ ಇದ್ದ, ತಾವು ಸೋಸದ ನೆರೆಮನೆಗಳಲ್ಲೂ ಕಾಲರಾ ಕಡಿಮೆಯಾಗಿತ್ತು. ತೀವ್ರ ಕಾಲರಾ ಹಿಡಿದವರ ಭೇದಿಯ ಒಂದೊಂದು ಮಿಲಿಲೀಟರಿನಲ್ಲೂ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ. ಅದು ತಿರುಗಿ ಸೇರುವುದು ಅದೇ ಹೊಂಡಕ್ಕೆ. ಒಂದು ಮನೆಯಲ್ಲಿ ರೋಗಿ ಇಲ್ಲವೆಂದರೆ ಹೊಂಡಕ್ಕೆ ಬೀಳುವ ಆ ಹೊರೆ ಇಲ್ಲ, ಅದೇ ಹೊಂಡದ ನೀರು ಕುಡಿಯುವ ಪಕ್ಕದ ಮನೆಯ ಮಗುವಿಗೂ ಅಷ್ಟು ರಕ್ಷಣೆ.

ನಡೆದದ್ದನ್ನೆಲ್ಲ ನೋಡಿದಾಗ ನನಗೆ ಕೊರತೆ ಎನಿಸುವುದು ಬಟ್ಟೆಯಲ್ಲಲ್ಲ, ಪ್ರಯೋಗ ಮುಗಿದ ಕೂಡಲೇ ಭೇಟಿಯೂ ಮುಗಿದುಹೋದದ್ದರಲ್ಲಿ. ಕಾಲರಾ ಬರುವ ಕಾಲ ಮೊದಲೇ ಗೊತ್ತಿರುವ ಊರದು. ವಸಂತಕ್ಕೆ ಒಂದು ತಿಂಗಳ ಮುಂಚೆ ಒಮ್ಮೆ, ಮಳೆ ಹಿಂದೆಗೆಯುವಾಗ ಒಮ್ಮೆ, ಲಸಿಕೆ ಹಾಕಲೋ ಬಾಣಂತಿಯನ್ನು ನೋಡಲೋ ಹೇಗೂ ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ ಎರಡು ಮಾತು ಕೇಳಬಹುದಿತ್ತು: ಸೋಸುವ ಬಟ್ಟೆ ಎಲ್ಲಿದೆ, ತೋರಿಸಿ, ಎಷ್ಟು ಮಡಿಕೆ ಮಾಡುತ್ತೀರಿ, ಮಾಡಿ ನೋಡೋಣ. ಬಟ್ಟೆ ಒದ್ದೆಯಾಗಿ ಮೂಲೆಯಲ್ಲಿದ್ದರೆ ಹಗ್ಗಕ್ಕೆ ಹಾಕಿಸಬಹುದಿತ್ತು. ಒಂದು ಮನೆಗೆ ಐದು ನಿಮಿಷದ ಕೆಲಸ ಅದು.